ಗಾಳಿಗುಳ್ಳೆಗೆ ಬೆನ್ನು ಹಾಕಿದವರು

ಬಹಳ ವರ್ಷ ನಾನು ಒಂದು ಕಥೆಯನ್ನು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಭೂಮಿಯ ಗಾಳಿಯಲ್ಲಿ ಮೊದಲು ಆಮ್ಲಜನಕ ಇರಲಿಲ್ಲ. ನೀಲಿ-ಹಸಿರು ಬ್ಯಾಕ್ಟೀರಿಯಗಳು ಬಿಸಿಲು ಮತ್ತು ನೀರಿನಿಂದ ಹೊಟ್ಟೆ ಹೊರೆಯುವ ದಾರಿ ಕಂಡುಕೊಂಡವು. ಆ ಕೆಲಸದಲ್ಲಿ ಅವು ಹೊರಗೆ ಚೆಲ್ಲಿದ ಕಸವೇ ಆಮ್ಲಜನಕ. ಉಳಿದ ಜೀವಿಗಳಿಗೆ ಅದು ವಿಷವಾಯಿತು. ಎಷ್ಟೋ ಸತ್ತವು, ಎಷ್ಟೋ ಕೆಸರಿನಡಿ ಅಡಗಿದವು. ಒಂದು ಜಾಣ ಕೋಶ ಮಾತ್ರ, ಆಮ್ಲಜನಕವನ್ನು ಅರಗಿಸಿಕೊಳ್ಳಬಲ್ಲ ಪುಟ್ಟ ಬ್ಯಾಕ್ಟೀರಿಯವೊಂದನ್ನು ನುಂಗಿ, ಅದನ್ನು ಕೊಲ್ಲದೆ ಒಳಗೇ ಇಟ್ಟುಕೊಂಡಿತು. ಅದೇ ಮೈಟೋಕಾಂಡ್ರಿಯ. ಅಲ್ಲಿಂದ ಸಂಕೀರ್ಣ ಜೀವಕೋಶ, ಅಲ್ಲಿಂದ ಮುಂದೆ ಅಣಬೆ, ಮರ, ಆನೆ, ನಾವು.

ಚೆಂದದ ಕಥೆ. ವಿಷವನ್ನು ದಕ್ಕಿಸಿಕೊಂಡವರ ಕಥೆ ಯಾರಿಗೆ ತಾನೆ ಹಿಡಿಸುವುದಿಲ್ಲ? ಇದು ಪೂರ್ತಿ ಸುಳ್ಳು ಎಂದು ಹೇಳಲು ನಾನಿಲ್ಲಿ ಕೂತಿಲ್ಲ. ಆದರೆ ಇಷ್ಟು ನಯವಾಗಿ ಹೇಳುವ ಧೈರ್ಯ ಈಗ ನನಗಿಲ್ಲ. ಅದನ್ನು ಕೆಡಿಸಿದ್ದು ಒಂದು ಹನಿ ಕೆಸರು.

ಕೊಳದ ತಳದ ಕೆಸರನ್ನು ಗಾಜಿನ ಭರಣಿಗೆ ತುಂಬಿ ಕೆಲವು ವಾರ ಮೂಲೆಯಲ್ಲಿ ಇಟ್ಟಿದ್ದೆ. ಮೇಲೆ ತೆಳುವಾದ ಕಂದು ಪದರ. ಬೆರಳಿನ ಉಗುರಿನಷ್ಟೂ ದಪ್ಪವಿಲ್ಲ. ಅದರ ಕೆಳಗೆ ಇದ್ದಿಲಿನಂಥ ಕಪ್ಪು. ಕಡ್ಡಿ ಆಡಿಸಿದರೆ ಕೊಳೆತ ಮೊಟ್ಟೆಯ ನಾತ. ಕಂದು ಇರುವಲ್ಲಿ ಕಬ್ಬಿಣ ತುಕ್ಕು ಹಿಡಿದಿದೆ, ಅಂದರೆ ಆಮ್ಲಜನಕ ಅಲ್ಲಿಯವರೆಗೆ ಇಳಿದಿದೆ. ಕಪ್ಪು ಶುರುವಾದಲ್ಲಿ ಕಬ್ಬಿಣ ಗಂಧಕದ ಜೊತೆ ಸೇರಿದೆ, ಅಲ್ಲಿ ಆಮ್ಲಜನಕ ಇಲ್ಲ. ಎರಡು ಲೋಕಗಳ ನಡುವಿನ ಗಡಿ ಬರಿಗಣ್ಣಿಗೇ ಕಾಣುತ್ತದೆ.

ಆ ಕಪ್ಪು ಕೆಸರಿನ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು ತೆಳುಗಾಜು ಮುಚ್ಚುವಾಗ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿತು. ಹೊಸಬರು ಮಾಡುವ ತಪ್ಪು. ಅದನ್ನು ಒರೆಸಿ ಹೊಸದಾಗಿ ಹನಿ ಇಡಬೇಕಿತ್ತು. ಸೋಮಾರಿತನದಿಂದ ಹಾಗೇ ನೋಡಿದೆ. ಸೂಕ್ಷ್ಮದರ್ಶಕದಲ್ಲಿ ಗುಳ್ಳೆಯ ಅಂಚು ದಪ್ಪ ಕಪ್ಪು ಬಳೆಯಂತೆ ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಅದರ ಸುತ್ತ, ಅದಕ್ಕೆ ಅಂಟಿಕೊಳ್ಳದೆ ಅಷ್ಟು ದೂರದಲ್ಲಿ, ಬ್ಯಾಕ್ಟೀರಿಯಗಳ ಮಸುಕಾದ ಉಂಗುರ ಕಟ್ಟಿತು. ಅವಕ್ಕೆ ಆಮ್ಲಜನಕ ಬೇಕು, ಆದರೆ ಹೆಚ್ಚು ಬೇಡ. ಗುಳ್ಳೆಯಿಂದ ತೀರ ದೂರದಲ್ಲಿ, ಕೆಸರಿನ ಮುದ್ದೆಯ ಮರೆಯಲ್ಲಿ, ಇನ್ನೊಂದು ಗುಂಪು ಇತ್ತು. ಒದ್ದೆ ಬಟ್ಟೆಯನ್ನು ಹಿಂಡುವಾಗ ತಿರುಚಿದ ಹಾಗೆ ಮೈ ತಿರುಚಿಕೊಂಡ, ಮೈತುಂಬ ಲೋಮಾಂಗಗಳೆಂಬ ಕೂದಲೆಳೆಗಳಿದ್ದ ಜೀವಿಗಳು. ಆಗಾಗ ಒಂದು ಗುಳ್ಳೆಯ ಕಡೆಗೆ ಈಜಿ ಬರುತ್ತಿತ್ತು, ಬಿಸಿ ತಾಗಿದಂತೆ ಹಿಂದೆ ಸರಿದು, ದಿಕ್ಕು ಬದಲಿಸಿ ಹೋಗುತ್ತಿತ್ತು. ಒಂದೇ ಹನಿಯೊಳಗೆ ಎತ್ತು ಏರಿಗೆ, ಕೋಣ ನೀರಿಗೆ.

ಚಿತ್ರಗಳ ಜೊತೆ ಹೋಲಿಸಿ ನೋಡಿದಾಗ ಅವು ಮೆಟೋಪಸ್ ಎಂಬ ಕುಲದವು ಎಂದು ಗೊತ್ತಾಯಿತು. ಇಲ್ಲಿ ನನ್ನ ಕಥೆ ಮುಗ್ಗರಿಸಿತು. ಮೆಟೋಪಸ್ ಬ್ಯಾಕ್ಟೀರಿಯ ಅಲ್ಲ. ಅದಕ್ಕೆ ಕೋಶಕೇಂದ್ರ ಇದೆ, ಬಾಯಿ ಇದೆ, ಬ್ಯಾಕ್ಟೀರಿಯಗಳನ್ನು ಹಿಡಿದು ತಿನ್ನುತ್ತದೆ. ಯಾವ ಕಡೆಯಿಂದ ನೋಡಿದರೂ ಅದು ಸಂಕೀರ್ಣ ಕೋಶ, ನಮ್ಮ ಕಡೆಯ ನೆಂಟ. ಆಮ್ಲಜನಕವನ್ನು ನಂಬಿ ಹುಟ್ಟಿದ ವಂಶದವನು ಆಮ್ಲಜನಕದ ಗುಳ್ಳೆಗೆ ಬೆನ್ನು ಹಾಕುವುದು ಎಂದರೇನು?

ಮೊದಲು ಆಮ್ಲಜನಕದ ಸ್ವಭಾವದ ಬಗ್ಗೆ ಒಂದು ಮಾತು. ಹೆಸರಿನಲ್ಲೇ ಒಂದು ಹಳೆಯ ತಪ್ಪು ಕೂತಿದೆ. ಎಲ್ಲ ಆಮ್ಲಗಳ ಹುಳಿಗೂ ಇದೇ ಕಾರಣ ಎಂದು ಫ್ರೆಂಚ್ ರಸಾಯನವಿಜ್ಞಾನಿ ಲವೋಸಿಯೆ ತಿಳಿದಿದ್ದ. ಹಾಗಾಗಿ ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಹೆಸರಿಟ್ಟ. ಹುಳಿಯ ಗುಟ್ಟು ಇರುವುದು ಜಲಜನಕದಲ್ಲಿ ಎಂದು ಆಮೇಲೆ ತಿಳಿಯಿತು, ಆದರೆ ಕನ್ನಡದ ಹೆಸರು ಆ ತಪ್ಪನ್ನು ಇನ್ನೂ ಹೊತ್ತುಕೊಂಡು ತಿರುಗುತ್ತಿದೆ. ಆಮ್ಲಜನಕದ ನಿಜವಾದ ಚಾಳಿ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುವುದು. ಒಂದೇ ಏಟಿಗೆ ನಾಲ್ಕನ್ನು ಕಿತ್ತುಕೊಂಡರೆ ನೀರಾಗಿ ತಣ್ಣಗಾಗುತ್ತದೆ. ಆದರೆ ಅದರ ರಚನೆ ಹೇಗಿದೆಯೆಂದರೆ ಒಂದೊಂದಾಗಿಯೇ ತೆಗೆದುಕೊಳ್ಳುತ್ತದೆ. ನಡುವೆ ನಿಂತರೆ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಅರೆಬೆಂದ ರೂಪಗಳಾಗಿ ಸಿಕ್ಕಸಿಕ್ಕದ್ದನ್ನು ಕೆಡಿಸುತ್ತದೆ. ಸೂಪರ್‌ಆಕ್ಸೈಡನ್ನು ತೊಡೆದುಹಾಕುವುದೇ ಕೆಲಸವಾಗಿರುವ ಕಿಣ್ವವೊಂದು ಜೀವಕೋಶಗಳಲ್ಲಿದೆ ಎಂದು ಮ್ಯಾಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ತೋರಿಸಿಕೊಟ್ಟರು. ಶತ್ರುವೇ ಇಲ್ಲದಿದ್ದರೆ ಕಾವಲುಗಾರ ಯಾಕೆ?

ಈ ಅನಿಲ ಗಾಳಿಯಲ್ಲಿ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮೊದಲು ಅದರ ಪ್ರಮಾಣ ಇಂದಿನ ಒಂದು ಲಕ್ಷದ ಒಂದು ಪಾಲಿಗಿಂತ ಕಡಿಮೆ ಇತ್ತೆಂದು ಹಳೆಯ ಬಂಡೆಗಳ ಗಂಧಕದ ಐಸೋಟೋಪುಗಳು ಹೇಳುತ್ತವೆ. ನನಗೆ ಅದಕ್ಕಿಂತ ಇಷ್ಟವಾದ ಸಾಕ್ಷಿ ನದಿಯ ಹರಳುಗಳದ್ದು. ಆ ಕಾಲದ ನದಿಪಾತ್ರಗಳು ಕಲ್ಲಾಗಿ ಉಳಿದಿರುವಲ್ಲಿ, ನೀರಿನಲ್ಲಿ ಉರುಳಿ ಉರುಳಿ ದುಂಡಗಾದ ಪೈರೈಟ್ ಹರಳುಗಳು, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜದ ಹರಳುಗಳು, ಸಿಗುತ್ತವೆ. ಇಂದಿನ ಹೊಳೆಯಲ್ಲಿ ಪೈರೈಟ್ ಅಷ್ಟು ದೂರ ಉರುಳುವ ಮೊದಲೇ ತುಕ್ಕಾಗಿ ಕರಗಿಹೋಗುತ್ತದೆ. ಆ ದುಂಡು ಹರಳು ಕಬ್ಬಿಣ ತುಕ್ಕು ಹಿಡಿಯದ ಲೋಕವೊಂದರಿಂದ ಬಂದದ್ದು.

ಸಂಕೀರ್ಣ ಕೋಶಗಳದ್ದೆಂದು ಬಹುಮಟ್ಟಿಗೆ ಒಪ್ಪಿರುವ ಪಳೆಯುಳಿಕೆಗಳು ಕಾಣತೊಡಗುವುದು ಸುಮಾರು 165 ಕೋಟಿ ವರ್ಷಗಳ ಹಿಂದಿನ ಶಿಲೆಗಳಲ್ಲಿ. ಮೊದಲು ಆಮ್ಲಜನಕ, ಆಮೇಲೆ ನಾವು. ಅನುಕ್ರಮ ನನ್ನ ಕಥೆಗೆ ಹೇಳಿ ಮಾಡಿಸಿದಂತಿತ್ತು. ನಡುವೆ ಇರುವ ಎಪ್ಪತ್ತೈದು ಕೋಟಿ ವರ್ಷಗಳ ಮೇಲೆ ನಾನು ಹಗುರವಾಗಿ ಹಾರಿಹೋಗುತ್ತಿದ್ದೆ. ಕಾಗೆ ಕೂತ ಮೇಲೆ ಕೊಂಬೆ ಮುರಿಯಲು ಇಷ್ಟು ತಡವಾದರೆ, ಮುರಿದದ್ದು ಕಾಗೆಯ ಭಾರಕ್ಕೇ ಎಂದು ಯಾರೂ ಆಣೆ ಮಾಡಲಾರರು. ಜೊತೆಗೆ, ಆ ಉದ್ದ ಅವಧಿಯಲ್ಲಿ ಗಾಳಿಯ ಆಮ್ಲಜನಕ ಇಂದಿನದರ ಹತ್ತನೇ ಒಂದು ಭಾಗವನ್ನೂ ಮುಟ್ಟಿರಲಿಲ್ಲ ಎನ್ನುವವರೇ ಹೆಚ್ಚು. ಸಮುದ್ರದ ಆಳವಂತೂ ಆಮ್ಲಜನಕ ಕಾಣದೆ ಉಳಿದಿತ್ತು.

ಕಥೆಯ ಮೂಲದಲ್ಲಿ ಇರುವವರು ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್. ಮೈಟೋಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯ ಆಗಿತ್ತು ಎಂಬ ಅವರ ಲೇಖನ ಹದಿನೈದರಷ್ಟು ಪತ್ರಿಕೆಗಳಿಂದ ತಿರಸ್ಕೃತವಾಗಿ, ಕೊನೆಗೆ 1967ರಲ್ಲಿ ಅಚ್ಚಾಯಿತು. ಆಗ ಅವರಿಗೆ 29 ವರ್ಷ. ಆ ಮುಖ್ಯ ಮಾತು ಇಂದು ಸಂಶಯಕ್ಕೆಡೆಯಿಲ್ಲದಂತೆ ನಿಂತಿದೆ. ಮೈಟೋಕಾಂಡ್ರಿಯಕ್ಕೆ ಎರಡು ಪೊರೆಗಳಿವೆ, ಬ್ಯಾಕ್ಟೀರಿಯಗಳಂಥದೇ ರೈಬೋಸೋಮುಗಳಿವೆ, ತನ್ನದೇ ಡಿಎನ್‌ಎ ಉಂಗುರವಿದೆ. ಮನುಷ್ಯರಲ್ಲಿ ಆ ಉಂಗುರದ ಉದ್ದ 16,569 ಅಕ್ಷರಗಳು, ಅದರಲ್ಲಿ 37 ಜೀನುಗಳು. ಉಳಿದ ಆಸ್ತಿಯನ್ನೆಲ್ಲ ಅದು ಕೋಶಕೇಂದ್ರಕ್ಕೆ ಬರೆದುಕೊಟ್ಟಿದೆ ಅಥವಾ ಕಳೆದುಕೊಂಡಿದೆ. ಮಾರ್ಗುಲಿಸ್ ಹೇಳಿದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಯಾರು ಬಂದರು ಎಂಬುದು. ಯಾಕೆ ಬಂದರು ಎಂಬುದಕ್ಕೆ ಅವರು ಆಮ್ಲಜನಕವನ್ನು ತೋರಿಸಿದ್ದರು, ಅಲ್ಲಾಡುತ್ತಿರುವುದು ಅದು.

ಅಲ್ಲಾಡಿಸಿದವರಲ್ಲಿ ಜೀವವಿಜ್ಞಾನಿಗಳಾದ ಬಿಲ್ ಮಾರ್ಟಿನ್ ಮತ್ತು ಮಿಕ್ಲೋಷ್ ಮ್ಯುಲರ್ ಮುಖ್ಯರು. ಮ್ಯುಲರ್ 1973ರಲ್ಲಿ ಲಿಂಡ್‌ಮಾರ್ಕ್ ಜೊತೆ ಸೇರಿ, ದನಗಳಿಗೆ ರೋಗ ತರುವ ಟ್ರೈಟ್ರೈಕೋಮೊನಾಸ್ ಎಂಬ ಪರಾವಲಂಬಿಯಲ್ಲಿ ವಿಚಿತ್ರವಾದ ಒಂದು ಅಂಗಕವನ್ನು, ಅಂದರೆ ಕೋಶದೊಳಗಿನ ಪುಟ್ಟ ಅಂಗವನ್ನು, ಗುರುತಿಸಿದ್ದರು. ಅದು ಆಮ್ಲಜನಕವನ್ನು ಮುಟ್ಟುವುದಿಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿಯನ್ನು ತಯಾರಿಸಿ ಜಲಜನಕವನ್ನು ಹೊರಗೆ ಬಿಡುತ್ತದೆ. ಅದಕ್ಕೆ ಹೈಡ್ರೋಜನೋಸೋಮ್ ಎಂದು ಹೆಸರಿಟ್ಟರು. ಇದು ಮೈಟೋಕಾಂಡ್ರಿಯದ ಒಡಹುಟ್ಟು ಎಂದು ಮುಂದೆ ಸ್ಪಷ್ಟವಾಯಿತು. ಜಿರಲೆಯ ಕರುಳಿನಲ್ಲಿರುವ ನಿಕ್ಟೊಥೀರಸ್ ಎಂಬ ಲೋಮಾಂಗಿಯ ಹೈಡ್ರೋಜನೋಸೋಮಿನಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎಯೇ ಸಿಕ್ಕಿತು. ಜಿರಲೆಯನ್ನು ಚಪ್ಪಲಿಯಲ್ಲಿ ಹೊಡೆಯುವಾಗ ಇದು ನೆನಪಾದರೆ ಕೈ ಒಂದು ಕ್ಷಣ ತಡೆಯುತ್ತದೆ. ಒಂದೇ ಕ್ಷಣ.

ನನ್ನ ಮೆಟೋಪಸ್‌ಗಳ ಒಳಗೂ ಇದೇ ಅಂಗಕ. ಅದು ಬಿಡುವ ಜಲಜನಕವನ್ನು ತಿನ್ನಲೆಂದು ಮೀಥೇನ್ ತಯಾರಿಸುವ ಆರ್ಕಿಯಾಗಳು (ಬ್ಯಾಕ್ಟೀರಿಯಗಳಂತೆ ಕಂಡರೂ ಬೇರೆಯೇ ವಂಶದ ಏಕಕೋಶ ಜೀವಿಗಳು) ಆ ಕೋಶದೊಳಗೇ ಮನೆ ಮಾಡಿಕೊಂಡಿರುತ್ತವೆ. ಸರಿಯಾದ ನೇರಳೆ ಬೆಳಕು ಬಿಟ್ಟರೆ ಅವು ನೀಲಿ-ಹಸಿರಾಗಿ ಮಿನುಗುತ್ತವಂತೆ. ಅಂಥ ದೀಪ ನನ್ನಲ್ಲಿಲ್ಲ. ಒಬ್ಬರ ಕಸ ಇನ್ನೊಬ್ಬರ ರಸ, ಅದೂ ಒಂದೇ ಪೊರೆಯ ಒಳಗೆ. ಮಾರ್ಟಿನ್ ಮತ್ತು ಮ್ಯುಲರ್ 1998ರಲ್ಲಿ ಮುಂದಿಟ್ಟದ್ದು ಸರಿಸುಮಾರು ಇಂಥದೇ ಚಿತ್ರ. ಆತಿಥೇಯ ಒಂದು ಆರ್ಕಿಯಾ, ಅದಕ್ಕೆ ಜಲಜನಕ ಬೇಕು. ಅತಿಥಿ ಒಂದು ಬ್ಯಾಕ್ಟೀರಿಯ. ಅದು ಆಮ್ಲಜನಕ ಇದ್ದರೆ ಬಳಸುತ್ತದೆ, ಇಲ್ಲದಿದ್ದರೆ ಜಲಜನಕ ಬಿಡುತ್ತದೆ. ಇಬ್ಬರೂ ಕೈ ಹಿಡಿದದ್ದು ಜಲಜನಕಕ್ಕಾಗಿ. ಆಮ್ಲಜನಕವನ್ನು ಉರಿಸುವ ವಿದ್ಯೆ ವರದಕ್ಷಿಣೆಯ ಪೆಟ್ಟಿಗೆಯ ತಳದಲ್ಲಿ ಬಂದಿತ್ತು, ಮೇಲೆ ಬಂದದ್ದು ಬಹಳ ಆಮೇಲೆ.

ಮೈಟೋಕಾಂಡ್ರಿಯದಲ್ಲಿ ಬಿಡಲಾಗದ ಕೆಲಸ ಯಾವುದು ಎಂದು ಕೇಳಿದರೂ ಉತ್ತರ ಆಮ್ಲಜನಕ ಅಲ್ಲ. ಕೊಳಕು ನೀರಿನಿಂದ ಭೇದಿ ತರುವ ಗಿಯಾರ್ಡಿಯಾವನ್ನು ಒಂದು ಕಾಲದಲ್ಲಿ ಮೈಟೋಕಾಂಡ್ರಿಯ ಬರುವ ಮೊದಲಿನ ಕಾಲದ ಪಳೆಯುಳಿಕೆ ಎಂದೇ ತಿಳಿದಿದ್ದರು. 2003ರಲ್ಲಿ ಅದರೊಳಗೂ ಕುಗ್ಗಿಹೋದ ಮೈಟೋಕಾಂಡ್ರಿಯದ ಅವಶೇಷ ಸಿಕ್ಕಿತು. ಅದು ಉಸಿರಾಡುವುದಿಲ್ಲ, ಎಟಿಪಿ ಮಾಡುವುದಿಲ್ಲ. ಮಾಡುವುದು ಒಂದೇ: ಕಬ್ಬಿಣ ಮತ್ತು ಗಂಧಕದ ಪರಮಾಣುಗಳನ್ನು ಹೊಂದಿಸಿ ಪುಟ್ಟ ಗೊಂಚಲುಗಳನ್ನು ಕಟ್ಟುವುದು. ಎಷ್ಟೋ ಪ್ರೋಟೀನುಗಳು ಕೆಲಸ ಮಾಡಲು ಈ ಗೊಂಚಲು ಬೇಕು. ಆಮ್ಲಜನಕ ತಾಗಿದರೆ ಅವು ಸುಲಭವಾಗಿ ಒಡೆಯುತ್ತವೆ ಕೂಡ. ನನ್ನ ಭರಣಿಯ ಕಪ್ಪು ಕೆಸರನ್ನು ಕಪ್ಪಾಗಿಸಿದ್ದೂ ಕಬ್ಬಿಣ ಮತ್ತು ಗಂಧಕವೇ. ಈ ಕೆಲಸವನ್ನು ಬೇರೊಂದು ಬ್ಯಾಕ್ಟೀರಿಯದಿಂದ ಪಡೆದ ಜೀನುಗಳಿಗೆ ವಹಿಸಿಬಿಟ್ಟ ಒಂದು ಜೀವಿ ಮೈಟೋಕಾಂಡ್ರಿಯವನ್ನು ಪೂರ್ತಿ ಕೈಬಿಟ್ಟಿದೆ: ಚಿಂಚಿಲ್ಲಾ ಎಂಬ ಪ್ರಾಣಿಯ ಕರುಳಿನಿಂದ ಬಂದ ಮೋನೊಸರ್ಕೊಮೊನಾಯ್ಡಿಸ್, 2016ರಲ್ಲಿ ಬೆಳಕಿಗೆ ಬಂದದ್ದು.

ಇಷ್ಟು ಓದಿದಾಗ ನಾನು ಹಳೆಯ ಕಥೆಯನ್ನು ಎಸೆದು ಹೊಸ ಕಥೆಯನ್ನು ಹೆಗಲಿಗೇರಿಸಿಕೊಂಡಿದ್ದೆ: ಎಲ್ಲ ನಡೆದದ್ದು ಕತ್ತಲಲ್ಲಿ, ಆಮ್ಲಜನಕಕ್ಕೆ ಅಲ್ಲಿ ಪಾತ್ರವೇ ಇಲ್ಲ. ಅದನ್ನೂ ಇಳಿಸಬೇಕಾಯಿತು. ಇಳಿಸಿದ್ದು ಕೂಡ ಕೆಸರೇ.

ಗ್ರೀನ್‌ಲೆಂಡ್ ಮತ್ತು ನಾರ್ವೆಯ ನಡುವೆ ಸಮುದ್ರದ ತಳದಲ್ಲಿ ಬಿಸಿನೀರು ಚಿಮ್ಮುವ ಒಂದು ತಾಣವಿದೆ, ಲೋಕಿಯ ಕೋಟೆ ಎಂದು ಅದರ ಹೆಸರು. ಅದರ ಸಮೀಪದ ಕೆಸರಿನ ಡಿಎನ್‌ಎಯಲ್ಲಿ 2015ರಲ್ಲಿ ಹೊಸ ಆರ್ಕಿಯಾಗಳ ಗುರುತು ಸಿಕ್ಕಿತು. ಸಂಕೀರ್ಣ ಕೋಶಗಳಲ್ಲಿ ಮಾತ್ರ ಇರುತ್ತವೆಂದು ನಂಬಿದ್ದ ಜೀನುಗಳು ಇವುಗಳಲ್ಲಿದ್ದವು. ಆತಿಥೇಯನ ಮನೆತನ ಸಿಕ್ಕಿತು. ಆದರೆ ಜೀವಂತವಾಗಿ ಯಾರೂ ಕಂಡಿರಲಿಲ್ಲ, ಅಥವಾ ಹಾಗೆಂದು ಲೋಕ ತಿಳಿದಿತ್ತು. ಅಷ್ಟರಲ್ಲಾಗಲೇ ಜಪಾನಿನಲ್ಲಿ ಹಿರೋಯುಕಿ ಇಮಾಚಿ ಮತ್ತು ಸಂಗಡಿಗರು ಒಂಬತ್ತು ವರ್ಷಗಳಿಂದ ಅದೇ ಮನೆತನದ ಒಬ್ಬನನ್ನು, ಗೊತ್ತಿಲ್ಲದೆಯೇ, ಸಾಕುತ್ತಿದ್ದರು.

ಅವರು 2006ರಲ್ಲಿ 2,533 ಮೀಟರ್ ಆಳದಿಂದ ಕೆಸರು ತಂದಿದ್ದರು. ಅದನ್ನು ಸ್ಪಂಜಿನ ತುಂಡುಗಳಿದ್ದ ಪಾತ್ರೆಯಲ್ಲಿಟ್ಟು, ಮೀಥೇನ್ ಹಾಯಿಸುತ್ತ, ಎರಡು ಸಾವಿರಕ್ಕೂ ಹೆಚ್ಚು ದಿನ ನಡೆಸಿದರು. ಆಮೇಲೆ ಅದರ ಅಂಶವನ್ನು ಕೊಳವೆಗಳಿಗೆ ಹಾಕಿ, ಅಮೈನೊ ಆಮ್ಲಗಳನ್ನೂ ಹಾಲಿನ ಪುಡಿಯನ್ನೂ ಉಣಿಸಿ, ಕಾದರು. ನಮ್ಮ ಕರುಳಿನ ಇ. ಕೋಲೈ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಈ ಆರ್ಕಿಯಾ ಎರಡಾಗಲು 14ರಿಂದ 25 ದಿನ ಬೇಕು. ಮೊದಲ ಒಂದೆರಡು ತಿಂಗಳು ಕೊಳವೆಯಲ್ಲಿ ಏನೂ ನಡೆಯುವುದಿಲ್ಲ. ಸತ್ತಿದೆಯೋ ಬದುಕಿದೆಯೋ ತಿಳಿಯದ ಕೊಳವೆಯನ್ನು ಪ್ರತಿ ದಿನ ನೋಡಿ ಮರಳಿ ಕತ್ತಲಿಗಿಡುವ ಆ ತಾಳ್ಮೆಯನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ನನ್ನಿಂದ ಒಂದು ತಿಂಗಳೂ ಆಗುವ ಕೆಲಸವಲ್ಲ. ಕೆಸರು ತಂದು ಸುಮಾರು ಹದಿನಾಲ್ಕು ವರ್ಷಗಳ ನಂತರ, 2020ರಲ್ಲಿ, ಅವರ ಪ್ರಬಂಧ ನೇಚರ್ ಪತ್ರಿಕೆಯಲ್ಲಿ ಬಂತು. ಕೆಸರಿನಿಂದ ಮನುಷ್ಯರನ್ನು ಮಾಡಿದ ಗ್ರೀಕ್ ಪುರಾಣದ ಪ್ರೊಮೀಥಿಯಸ್‌ನ ಹೆಸರನ್ನೇ ಆ ಜೀವಿಗೆ ಇಟ್ಟರು.

ಚಿತ್ರದಲ್ಲಿ ಅದು ಅರ್ಧ ಮೈಕ್ರೋಮೀಟರಿನ ಒಂದು ಸಣ್ಣ ಗುಂಡು. ಒಳಗೆ ಯಾವ ಅಂಗಕವೂ ಇಲ್ಲ. ಆದರೆ ಮೈಯಿಂದ ಉದ್ದನೆಯ, ಕವಲೊಡೆದ ತೋಳುಗಳು ಹೊರಟಿವೆ. ಅದು ಒಂಟಿಯಾಗಿ ಬದುಕಲಾರದು. ಅಮೈನೊ ಆಮ್ಲಗಳನ್ನು ಒಡೆದು ಅದು ಬಿಡುವ ಜಲಜನಕವನ್ನು ಪಕ್ಕದಲ್ಲೇ ಇರುವ ಮೀಥೇನ್‌ಜೀವಿ ತಿನ್ನಬೇಕು. ಅಂದರೆ ಜಲಜನಕ ಕೊಡುವವನು ಆತಿಥೇಯನ ಕಡೆಯವನೇ. ಮಾರ್ಟಿನ್ ಮತ್ತು ಮ್ಯುಲರ್ ಚಿತ್ರದಲ್ಲಿ ಅವನು ಬೇಡುವವನಾಗಿದ್ದ. ಹೊಳೆ ಅದೇ, ಹರಿವು ಮಾತ್ರ ಎದುರು ದಿಕ್ಕಿನದು. ಇಮಾಚಿ ತಂಡ ತಾವೇ ಒಂದು ಕಥೆ ಮುಂದಿಟ್ಟರು: ಆಮ್ಲಜನಕ ಹೆಚ್ಚುತ್ತಿದ್ದ ಕಾಲದಲ್ಲಿ ಇಂಥ ಒಂದು ಆರ್ಕಿಯಾ, ಪಕ್ಕದಲ್ಲಿ ಆಮ್ಲಜನಕವನ್ನು ಖಾಲಿ ಮಾಡುತ್ತಿದ್ದ ಬ್ಯಾಕ್ಟೀರಿಯವನ್ನು ತೋಳುಗಳಲ್ಲಿ ತೊಡರಿಸಿಕೊಂಡು, ನಿಧಾನವಾಗಿ ಸುತ್ತುವರಿಯಿತು. ಉರಿಸಿ ಶಕ್ತಿ ಪಡೆಯಲು ಅಲ್ಲ, ಮನೆಯೊಳಗೆ ವಿಷ ನುಗ್ಗದ ಹಾಗೆ ಬಾಗಿಲಲ್ಲಿ ಒಬ್ಬನಿರಲಿ ಎಂದು. ಹಳೆಯ ಕಥೆ ಹಿಂಬಾಗಿಲಿನಿಂದ ಒಳಗೆ ಬಂದು ಕೂತಿತು.

ಅದೇ ಮನೆತನದಲ್ಲಿ ನಮಗೆ ಇನ್ನೂ ಹತ್ತಿರದ ಕವಲು ಹೈಮ್‌ಡಾಲ್ ಗುಂಪಿನದು. ಅದರ ಕೆಲವು ಸದಸ್ಯರ ಜೀನೋಮುಗಳಲ್ಲಿ ಆಮ್ಲಜನಕವನ್ನು ಬಳಸುವ ಕಿಣ್ವಗಳ ಜೀನುಗಳೇ ಇವೆ.

ಇನ್ನೊಂದು ಸಾಕ್ಷಿ ಯೀಸ್ಟಿನದು. ಗಾಳಿಯಿಲ್ಲದೆ ಸಕ್ಕರೆಯನ್ನು ಮದ್ಯವಾಗಿಸುವ ಇದನ್ನು ಆಮ್ಲಜನಕದ ಹಂಗಿಲ್ಲದ ಜೀವಿ ಎಂದೇ ನಾವು ತಿಳಿಯುತ್ತೇವೆ. ಆದರೆ ಗಾಳಿಯನ್ನು ಪೂರ್ತಿ ತೆಗೆದುಬಿಟ್ಟರೆ ಕೆಲವು ಪೀಳಿಗೆಗಳ ಬಳಿಕ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಸಕ್ಕರೆ ಎಷ್ಟಿದ್ದರೂ ಅಷ್ಟೇ. 1950ರ ದಶಕದಲ್ಲಿ ಆಂಡ್ರಿಯಾಸೆನ್ ಮತ್ತು ಸ್ಟಿಯರ್ ತೋರಿಸಿದಂತೆ, ಅದಕ್ಕೆ ಎರ್ಗೊಸ್ಟೆರಾಲ್ ಎಂಬ ಸ್ಟೆರಾಲನ್ನೂ ಒಂದು ಬಗೆಯ ಕೊಬ್ಬಿನ ಆಮ್ಲವನ್ನೂ ಹೊರಗಿನಿಂದ ಕೊಟ್ಟರೆ ಮತ್ತೆ ಬೆಳೆಯುತ್ತದೆ. ಅದಕ್ಕೆ ಆಮ್ಲಜನಕ ಬೇಕಾದದ್ದು ಉಸಿರಿಗಲ್ಲ, ಪೊರೆಗೆ. ಸಂಕೀರ್ಣ ಕೋಶಗಳ ಪೊರೆಗೆ ಹದ ಕೊಡುವುದು ಸ್ಟೆರಾಲುಗಳು, ಅವುಗಳನ್ನು ಕಟ್ಟಲು ಆಮ್ಲಜನಕ ಬೇಕೇ ಬೇಕು. ನಮ್ಮ ಮೈ ಒಂದು ಕೊಲೆಸ್ಟೆರಾಲ್ ಅಣುವನ್ನು ತಯಾರಿಸಲು 11 ಆಮ್ಲಜನಕದ ಅಣುಗಳನ್ನು ವ್ಯಯಿಸುತ್ತದೆ. ಸ್ಟೆರಾಲಿನ ಆದಿಮ ರೂಪಗಳ ಕುರುಹು ಉತ್ತರ ಆಸ್ಟ್ರೇಲಿಯದ 164 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ಸಿಕ್ಕಿದೆ ಎಂದು 2023ರಲ್ಲಿ ವರದಿಯಾಯಿತು. ಹಾಗಾದರೆ ನಮ್ಮ ಪೂರ್ವಜರು ಆಮ್ಲಜನಕವನ್ನೇ ಕಾಣದ ಜಾಗದಲ್ಲಿ ಇದ್ದವರಲ್ಲ. ಆದರೆ ಇಲ್ಲೂ ಒಂದು ತಿರುವಿದೆ. ಸ್ಟೆರಾಲ್ ತಯಾರಿಸಲು ಯೀಸ್ಟಿಗೆ ಎಷ್ಟು ಆಮ್ಲಜನಕ ಸಾಕು ಎಂದು 2011ರಲ್ಲಿ ಅಳೆದು ನೋಡಿದಾಗ ಅದು ಲೀಟರಿಗೆ ನ್ಯಾನೊಮೋಲ್‌ಗಳ ಲೆಕ್ಕದಲ್ಲಿತ್ತು. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಅದರ ಸಾವಿರಾರು ಪಟ್ಟು ಇರುತ್ತದೆ. ಬೇಕು, ಆದರೆ ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು.

ಹೀಗಾಗಿ ನಾನು ಈಗ ಗಡಿಯ ಕಡೆಗೆ ವಾಲಿದ್ದೇನೆ. ಆಮ್ಲಜನಕ ತುಂಬಿ ತುಳುಕುತ್ತಿದ್ದಲ್ಲೂ ಅಲ್ಲ, ಅದರ ಸುಳಿವೇ ಇಲ್ಲದ ಆಳದಲ್ಲೂ ಅಲ್ಲ. ಹಗಲು ಒಂದಿಷ್ಟು ಬಂದು ರಾತ್ರಿ ಇಲ್ಲವಾಗುವ, ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಸರಿದರೆ ಲೋಕವೇ ಬದಲಾಗುವ ಕೆಸರಿನ ಅಂಚಿನಲ್ಲಿ ಆ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡಿರಬೇಕು. ಅಂಥ ಜಾಗದಲ್ಲಿ ಎರಡೂ ವಿದ್ಯೆ ಬಲ್ಲ ಅತಿಥಿಗೆ ಬೆಲೆ ಹೆಚ್ಚು. ಇದ್ದಾಗ ಆಮ್ಲಜನಕ, ಇಲ್ಲದಾಗ ಜಲಜನಕ. ಗಾಳಿಯಲ್ಲಿ ಆಮ್ಲಜನಕ ಏರಿದ ಇಸವಿಗೂ ಸಂಕೀರ್ಣ ಕೋಶ ಹುಟ್ಟಿದ ಇಸವಿಗೂ ಗಂಟು ಹಾಕಲೇಬೇಕಿಲ್ಲ ಎಂದು 2022ರಲ್ಲಿ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು ವಾದಿಸಿದ್ದು ನನಗೆ ಒಪ್ಪಿಗೆಯಾದದ್ದು ಇದೇ ಕಾರಣಕ್ಕೆ. ಇದನ್ನು ಹೇಳಿದರೆ ಈಗ ಯಾರ ಕಣ್ಣೂ ಅರಳುವುದಿಲ್ಲ. ವಿಷವೂ ಇಲ್ಲ, ವರವೂ ಇಲ್ಲ, ಗಡಿಯಲ್ಲಿ ಬದುಕಿದವರ ಹೊಟ್ಟೆಪಾಡು ಮಾತ್ರ.

ನಮ್ಮ ಮೈಯೊಳಗೂ ಆ ಗಡಿ ಹಾಗೆಯೇ ಇದೆ. ಸಮುದ್ರಮಟ್ಟದಲ್ಲಿ ಗಾಳಿಯ ಆಮ್ಲಜನಕದ ಒತ್ತಡ ಪಾದರಸದ 160 ಮಿಲಿಮೀಟರ್. ಶ್ವಾಸಕೋಶ ದಾಟಿ ಅಪಧಮನಿಗೆ ಬರುವಾಗ ಸುಮಾರು 100. ಅಂಗಾಂಶಗಳಲ್ಲಿ 20ರಿಂದ 40. ಮೈಟೋಕಾಂಡ್ರಿಯದ ಹತ್ತಿರ ಬರುವಷ್ಟರಲ್ಲಿ ಬೆರಳೆಣಿಕೆಯ ಮಿಲಿಮೀಟರುಗಳು. ಶ್ವಾಸಕೋಶ, ಹೃದಯ, ರಕ್ತ ಎಲ್ಲ ಸೇರಿ ಇಷ್ಟು ಸಾಹಸ ಮಾಡಿ ತಲುಪಿಸುವುದು ಇಷ್ಟನ್ನೇ. ಅಲ್ಲಿ ಅದು ಊಟ ಬಡಿಸುವವನಲ್ಲ, ಎಂಜಲು ಎತ್ತುವವನು. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಶಕ್ತಿಯನ್ನೆಲ್ಲ ಕೊಟ್ಟಾದ ಮೇಲೆ, ಕೊನೆಯ ಮೆಟ್ಟಿಲಲ್ಲಿ ನಿಂತು ಅವುಗಳನ್ನು ಎತ್ತಿಕೊಳ್ಳುತ್ತದೆ. ಆ ಮೆಟ್ಟಿಲಿನ ಕಿಣ್ವ ಆಮ್ಲಜನಕವನ್ನು ಹಿಡಿದರೆ ನಾಲ್ಕು ಎಲೆಕ್ಟ್ರಾನುಗಳನ್ನೂ ತುಂಬಿ ನೀರಾಗಿಸುವ ತನಕ ಕೈ ಬಿಡುವುದಿಲ್ಲ. ಅರೆಬೆಂದ ರೂಪದಲ್ಲಿ ಹೊರಗೆ ಬಿಟ್ಟರೆ ಏನಾಗುತ್ತದೆಂದು ಅದಕ್ಕೆ ಎರಡು ಶತಕೋಟಿ ವರ್ಷಗಳಿಂದ ಗೊತ್ತಿದ್ದಂತಿದೆ.

ಆ ದಿನ ಹನಿಯನ್ನು ಸುಮಾರು ಮುಕ್ಕಾಲು ಗಂಟೆ ನೋಡಿದೆ. ಗಾಜಿನ ಅಂಚುಗಳಿಂದಲೂ ಗಾಳಿ ಒಳಗೆ ಸೋರುತ್ತಿತ್ತು. ಗುಳ್ಳೆಯ ಸುತ್ತಲಿನ ಬ್ಯಾಕ್ಟೀರಿಯಗಳ ಉಂಗುರ ಹಾಗೇ ಇತ್ತು. ಮೆಟೋಪಸ್‌ಗಳು ಒಂದೊಂದಾಗಿ ನಿಧಾನವಾದವು, ಕೆಸರಿನ ಮುದ್ದೆಗೆ ಇನ್ನಷ್ಟು ಒತ್ತಿಕೊಂಡವು. ಒಂದು ನಿಂತಲ್ಲೇ ಸುತ್ತತೊಡಗಿತು, ಲೋಮಾಂಗಗಳು ಇನ್ನೂ ಬಡಿಯುತ್ತಿದ್ದಂತೆ ಅದರ ಮೈ ಒಂದು ಕಡೆ ಉಬ್ಬಿತು. ತೆಳುಗಾಜನ್ನು ಎತ್ತಿ, ಉಳಿದ ಹನಿಯನ್ನು ಪಿಪೆಟ್ಟಿನಲ್ಲಿ ಹೀರಿ, ಭರಣಿಯ ಕಂದು ಪದರದ ಕೆಳಗೆ, ಕಪ್ಪಿನೊಳಗೆ ಮರಳಿ ಬಿಟ್ಟೆ.